ಶೀಲಾ ಹುಟ್ಟಿದ ಊರು

ಠಣ್! ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕಬ್ಬಿಣದ ಹೊಟ್ಟೆಯೊಳಗೆಲ್ಲೋ ಹಲ್ಲುಚಕ್ರವೊಂದು ಗರ್ರೆಂದು ಹೊರಳುವ ಸದ್ದು. ಅದರ ಬೆನ್ನಿಗೇ ಪಕ್ಕದ ಕೋಣೆಯಲ್ಲಿ, ಇನ್ನೇನು ಕಣ್ಣು ಮುಚ್ಚಬೇಕೆಂದಿದ್ದ ನೀಲಿ ಉರಿ ಭುಸ್ಸೆಂದು ಎದ್ದು ಕೂರುವ ಸದ್ದು.

ಇದು ಐರ್ಲೆಂಡಿನ ಪಡುಕರಾವಳಿಯ ಸ್ಲೈಗೋ ಎಂಬ ಊರಿನಲ್ಲಿ, ನಾವು ಬಾಡಿಗೆಗಿದ್ದ ಮನೆಯ ಗ್ಯಾಸ್ ಮೀಟರಿನ ಸದ್ದು. ಆ ಕಾಲದಲ್ಲಿ ಅಲ್ಲಿ ಕೋಣೆ ಬೆಚ್ಚಗಾಗಬೇಕಾದರೆ ಮೆಟ್ಟಿಲಿನ ಕೆಳಗಿದ್ದ ಮೀಟರಿಗೆ ಹತ್ತು ಪೆನ್ನಿಯ ನಾಣ್ಯ ತಿನ್ನಿಸಬೇಕಿತ್ತು. ನಾಣ್ಯ ಅರಗುವಷ್ಟು ಹೊತ್ತು ಉರಿ. ಆಮೇಲೆ ಉರಿ ಸಣ್ಣಗಾಗುತ್ತ, ಸಣ್ಣಗಾಗುತ್ತ, ನೀವು ಶಾಲಿನೊಳಗೆ ಕೈ ಎಳೆದುಕೊಳ್ಳುವ ಹೊತ್ತಿಗೆ ಪಟ್ಟೆಂದು ಇಲ್ಲವಾಗುತ್ತಿತ್ತು.

ಈಗ ನಾನಿರುವುದು ಅರಬ್ ನಾಡಿನ ದಮ್ಮಾಮಿನಲ್ಲಿ, ಮಗಳ ಮನೆಯಲ್ಲಿ. ಅಲ್ಲಿ ಬೆಚ್ಚಗಾಗಲು ದುಡ್ಡು ಕೊಟ್ಟೆವು, ಇಲ್ಲಿ ತಣ್ಣಗಾಗಲು ಕೊಡುತ್ತೇವೆ. ಇದರ ನಡುವೆ ಎಲ್ಲೋ ನನ್ನ ಜೀವನ ಕಳೆದುಹೋಯಿತು ಎನ್ನಿ. ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು ಮಲಗುತ್ತೇನೆ. ಕಿಟಕಿಯ ಏಸಿ ತನ್ನಷ್ಟಕ್ಕೆ ನಿಂತು, ಯೋಚಿಸಿ, ಮತ್ತೆ ಹೊರಡುವಾಗ ಒಂದು ಠಣ್ ಕೇಳುತ್ತದೆ. ಅರೆನಿದ್ದೆಯಲ್ಲಿ ನನಗೆ ಅದು ಮೀಟರೇ. ಯಾರೋ ಮೆಟ್ಟಿಲ ಕೆಳಗೆ ಬಗ್ಗಿ ನಮಗಾಗಿ ನಾಣ್ಯ ಹಾಕಿದರು ಎಂದುಕೊಂಡು ಮಗ್ಗುಲು ಬದಲಿಸುತ್ತೇನೆ.

ಎರಡು ತಿಂಗಳ ಹಿಂದೆ ಮೊಮ್ಮಗಳು ತನ್ವಿ ಯೂನಿಫಾರ್ಮಿಗೆ ಗುಂಡಿ ಹುಡುಕುತ್ತ ನನ್ನ ಹೊಲಿಗೆಯ ಬಿಸ್ಕೆಟ್ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದಳು. ಗುಂಡಿ, ಹುಕ್ಕು, ಬಾಯಿ ಕಚ್ಚದ ಕತ್ತರಿ, ಎಲ್ಲದರ ನಡುವಿನಿಂದ ಒಂದು ನಾಣ್ಯ ಉರುಳಿ ನೆಲದ ಟೈಲ್ಸಿಗೆ ಬಿತ್ತು. ಅದೇ ಸದ್ದಲ್ಲ, ಅದರ ತಂಗಿ.

"ಅಜ್ಜಿ, ಇದೆಂತ! ಮೀನು ಉಂಟಲ್ಲ ಇದ್ರಲ್ಲಿ!"

"ಸಾಲ್ಮನ್," ಎಂದೆ. "ನಿನ್ನ ಅಮ್ಮನ ಮೊದಲ ಸಂಪಾದನೆ."

ನಾನು ಅಂಥ ನಾಣ್ಯವನ್ನು ಮೊದಲ ಸಲ ಅಂಗೈಯಲ್ಲಿ ಇಟ್ಟುಕೊಂಡಾಗ ಸ್ಲೈಗೋಗೆ ಬಂದು ಒಂದು ವಾರವೂ ಆಗಿರಲಿಲ್ಲ. ಒಂದು ಬದಿಗೆ ಮೀನು. ಇನ್ನೊಂದು ಬದಿಗೆ ಅವರ ತಂತಿವಾದ್ಯ, ಹಾರ್ಪ್. ನಾನು ಅದನ್ನು ಮೆಟ್ಟುಕತ್ತಿ ಎಂದೇ ತಿಳಿದೆ. ಒಂದು ಬದಿ ಮೀನು, ಇನ್ನೊಂದು ಬದಿ ಅದನ್ನು ಕೊಯ್ಯುವ ಕತ್ತಿ, ಎಷ್ಟು ತಿಳಿದವರಪ್ಪಾ ಈ ಜನ! ದುಡ್ಡಿನ ಮೇಲೆ ರಾಜರ ಮೂಗು ಅಚ್ಚು ಹಾಕುವ ದೇಶಗಳಿವೆ, ಸಿಂಹ ಕೂರಿಸುವ ದೇಶಗಳಿವೆ. ಮೀನು ಹಾಕುವವರು ನಮ್ಮ ದೂರದ ಸಂಬಂಧಿಕರೇ ಇರಬೇಕು ಎಂದು ನನ್ನ ಕರಾವಳಿಯ ಮನಸ್ಸು ಒಪ್ಪಿಕೊಂಡುಬಿಟ್ಟಿತು.

ಮಾತು ಒಪ್ಪಿಕೊಳ್ಳಲಿಲ್ಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಬೆನ್ನು ನೆಟ್ಟಗೆ, ಮಂಡಿ ಜೋಡಿಸಿ, "ಐ ಶಲ್" ಮತ್ತು "ಐ ವಿಲ್" ನಡುವಿನ ವ್ಯತ್ಯಾಸಕ್ಕೆ ರೂಲರಿನ ಏಟು ತಿಂದು ಬೆಳೆದವಳು. ಇಂಗ್ಲಿಷ್ ಮಾತಾಡುವ ದೇಶಕ್ಕೆ ಹೋಗುತ್ತೇನೆಂದು ಎಷ್ಟು ಜಂಭವಿತ್ತು ಗೊತ್ತೇ? ಹೋಗಿ ನೋಡಿದರೆ ಸ್ಲೈಗೋದ ಇಂಗ್ಲಿಷ್ ಗಾಳಿಯ ಹಾಗೆ ಕಿವಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ನಾನು ಎಲ್ಲದಕ್ಕೂ "ಪಾರ್ಡನ್?" ಎನ್ನುತ್ತಿದ್ದೆ. ಬೇಕರಿಯ ಹುಡುಗಿಯರು ನನಗೆ ಮಿಸೆಸ್ ಪಾರ್ಡನ್ ಎಂದೇ ಹೆಸರಿಟ್ಟಿದ್ದರಂತೆ. ನಮ್ಮ ಮನೆಯೊಡತಿ ಮಿಸೆಸ್ ಕ್ವಿನ್ ಅದನ್ನು ಹೇಳಿದಾಗಲೂ ನಾನು "ಪಾರ್ಡನ್?" ಎಂದೆ.

ತನ್ವಿ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಅವಳಿಗೆ ಇನ್ನೂ ಹದಿನೇಳು. ಹುಟ್ಟಿದ್ದು ಇದೇ ದಮ್ಮಾಮಿನಲ್ಲಿ. ಹಲ್ಲು ಬಂದದ್ದು, ಉದುರಿದ್ದು, ಮತ್ತೆ ಬಂದದ್ದು ಇಲ್ಲಿಯೇ. ಆದರೂ ಅವಳು ಇಲ್ಲಿಯವಳಲ್ಲ. ಇಲ್ಲಿರಲು ಅಪ್ಪನಿಗೆ ಕೊಟ್ಟ ಇಕಾಮಾದ ಸೆರಗು ಹಿಡಿದುಕೊಂಡು ಇದ್ದವಳು. ಈಗ ಆ ಸೆರಗೂ ಜಾರುತ್ತಿದೆ. ನನ್ನ ಅಳಿಯ ಪ್ರಕಾಶ ದುಡಿಯುವ ಪಂಪುಗಳ ಕಂಪನಿ ದಮ್ಮಾಮಿನ ಬಾಗಿಲು ಮುಚ್ಚುತ್ತಿದೆ. ತನ್ವಿಯ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಮುಗಿಯುವುದೇ ತಡ, ಇಡೀ ಮನೆಗೆ ಫೈನಲ್ ಎಕ್ಸಿಟ್. ಹೋದರೆ ಹೋದ ಹಾಗೆಯೇ.

"ಅಜ್ಜಿ, ಅಮ್ಮ ನಿಜಕ್ಕೂ ಅಲ್ಲಿ ಹುಟ್ಟಿದ್ದಾ?"

"ಇನ್ನೆಲ್ಲಿ? ನಾನೇ ಹೆತ್ತದ್ದಲ್ವಾ!"

ಅವಳು ಫೋನ್ ಹಿಡಿದು ಕೂತಳು. ಸಂಜೆಯ ಚಹಾದ ಹೊತ್ತಿಗೆ ಕಣ್ಣು ಅಗಲ ಮಾಡಿಕೊಂಡು ಬಂದಳು. ಆ ಕಾಲದಲ್ಲಿ ಆ ದ್ವೀಪದ ನೆಲದ ಮೇಲೆ ಹುಟ್ಟಿದವರು ಅಲ್ಲಿಯ ಪ್ರಜೆಗಳೇ. ಅವರ ಮಕ್ಕಳು ಭೂಮಿಯ ಯಾವ ಮೂಲೆಯಲ್ಲಿ ಹುಟ್ಟಿದರೂ ಪ್ರಜೆಗಳೇ. "ನಾನು ಅಪ್ಲೈ ಮಾಡಿ ಐರಿಶ್ ಆಗೋದಲ್ಲ ಅಜ್ಜಿ, ಆಲ್ರೆಡಿ ಆಗಿದ್ದೇನೆ! ಹುಟ್ಟಿದಾಗಿಂದ! ಪಾಸ್‌ಪೋರ್ಟ್ ಕೇಳೋದು ಮಾತ್ರ ಬಾಕಿ."

"ಹೌದಾ ಮಾರಾಯ್ತಿ," ಎಂದ ಪ್ರಕಾಶ, ಖಬೂಸ್ ರೊಟ್ಟಿಯನ್ನು ಚಹಾಕ್ಕೆ ಅದ್ದುತ್ತ. "ಹಾಗಾದ್ರೆ ಇಷ್ಟು ವರ್ಷ ನಾನು ಒಬ್ಬ ಫಾರಿನ್ ಹೆಂಗಸಿಗೆ ಬೂತಾಯಿ ಮೀನಿನ ಪುಳಿಮುಂಚಿ ತಿನ್ನಿಸ್ತಾ ಇದ್ದದ್ದಾ?"

ಎಲ್ಲರೂ ನಕ್ಕೆವು, ನನ್ನ ಮಗಳು ಶೀಲಾ ಒಬ್ಬಳನ್ನು ಬಿಟ್ಟು. ತನ್ವಿ ನಗು ನಿಲ್ಲಿಸಿ ಒಂದು ಮಾತು ಹೇಳಿದಳು. ಆ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. "ಅಪ್ಪ, ಒಂದು ಊರಾದ್ರೂ ಇರ್ಲಿ ನಂಗೆ, ಎಕ್ಸಿಟ್ ಹೊಡ್ದು ಕಳಿಸ್ಲಿಕ್ಕೆ ಆಗದ ಊರು."

ಅಪ್ರಾಪ್ತೆಯ ಅರ್ಜಿಗೆ ತಾಯಿಯ ಸಹಿ ಬೇಕು. ಅದರಲ್ಲೂ ಈ ಅರ್ಜಿ ನಿಂತಿರುವುದೇ ತಾಯಿಯ ಹುಟ್ಟೂರಿನ ಮೇಲೆ. ಶೀಲಾ ಲೋಟ ಕೆಳಗಿಟ್ಟು, "ನಾನು ಹುಟ್ಟಿದ್ದು ಹೆಜಮಾಡಿಯಲ್ಲಿ. ನನ್ನ ಪಾಸ್‌ಪೋರ್ಟಲ್ಲಿ ಹಾಗೇ ಉಂಟು," ಎಂದು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಜೋರಾಗಿ ಹರಿಯತೊಡಗಿತು. ನನ್ನ ಮಗಳಿಗೆ ಸಿಟ್ಟು ಬಂದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ.

ಇನ್ನು ನನ್ನ ತವರು ಹೆಜಮಾಡಿಯ ಕಥೆ ಹೇಳದೆ ನಿವೃತ್ತಿಯಿಲ್ಲ.

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ಅಪ್ಪನ ಕುಟುಂಬಕ್ಕಲ್ಲ, ತಾಯಿಯ ಕುಟುಂಬಕ್ಕೆ ಸೇರಿದವರು. ಈ ತನ್ವಿ ತಾಯಿಯ ಹುಟ್ಟಿನ ಕಡೆಯಿಂದ ಒಂದು ದೇಶವನ್ನು ಕೇಳುತ್ತಿದ್ದಾಳೆ ಎಂದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮಲ್ಲಿ ಎಲ್ಲವೂ ಆ ದಾರಿಯಲ್ಲೇ ಬಂದದ್ದು. ಅದಿರಲಿ. ಅಂಥ ಮನೆಯಲ್ಲಿ ಹೆಣ್ಣುಮಗಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗದೆ ಬೇರೆಲ್ಲೋ ಆಯಿತೆಂದರೆ, ಅವಳ ತಾಯಿ ಬದುಕಿಯೂ ಇಲ್ಲದವಳ ಹಾಗೆ. ನನ್ನ ಅಮ್ಮ ಹೆಜಮಾಡಿಯ ಮನೆಯಲ್ಲಿ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ ಕಾದರು. ಇವರು, ನನ್ನ ಯಜಮಾನರು, ನಮ್ಮ ಡಾಕ್ಟರು, ಸ್ಲೈಗೋದ ಆಸ್ಪತ್ರೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ರಜೆ ಇಲ್ಲ. ನನಗೆ ವಿಮಾನ ಹತ್ತುವ ಸ್ಥಿತಿ ಇಲ್ಲ. ಹೀಗಾಗಿ ನನ್ನ ಮಗಳು ಬಾಣಂತಿ ಕೋಣೆಯ ಹೊಸ ಸುಣ್ಣಕ್ಕೆ ಕೈಕೊಟ್ಟು, ಆಲಿಕಲ್ಲು ಬೀಳುತ್ತಿದ್ದ ಒಂದು ಮಧ್ಯಾಹ್ನ ಅಟ್ಲಾಂಟಿಕ್ಕಿನ ದಡದಲ್ಲಿ ಹುಟ್ಟಿದಳು.

ಆಸ್ಪತ್ರೆಯಿಂದ ಮಗುವನ್ನು ಮನೆಗೆ ತಂದಾಗ ಮಿಸೆಸ್ ಕ್ವಿನ್ ಬಾಗಿಲಲ್ಲೇ ನಿಂತಿದ್ದರು. ಎಪ್ರನ್ ಜೇಬಿನಿಂದ ಒಂದು ಹೊಳೆಯುವ ನಾಣ್ಯ ತೆಗೆದು ಮಗುವಿನ ಮುಷ್ಟಿಗೆ ತುರುಕಿದರು. ಮಗು ಅದನ್ನು ಬಿಗಿಯಾಗಿ ಹಿಡಿಯಿತು. "ಗುಡ್ ಗ್ರಿಪ್!" ಎಂದು ಹಿಗ್ಗಿದರು. ಹೊಸ ಮಗುವಿನ ಕೈಗೆ ದುಡ್ಡು ಕೊಟ್ಟು ನೋಡುವ ಪದ್ಧತಿ ನಮ್ಮಲ್ಲೂ ಇದೆಯಲ್ಲ. ಆ ಕ್ಷಣ ನನಗೆ ಅವರು ಹೆಜಮಾಡಿಯ ಪಕ್ಕದ ಮನೆಯವರ ಹಾಗೆ ಕಂಡರು. ಹೆಸರು ಶೀಲಾ ಎಂದಾಗಂತೂ ಕಣ್ಣು ತುಂಬಿಕೊಂಡರು. ತೀರಿಹೋದ ಅವರ ತಂಗಿಯ ಹೆಸರೂ ಶೀಲಾ ಅಂತೆ. ಊರಲ್ಲಿ ಅಮ್ಮ ಅದು ನಮ್ಮ ಕುಟುಂಬದ ಹಳೇ ಹೆಸರೆಂದು ಹಿಗ್ಗಿದರು. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ. ಆ ಹೆಸರಿಟ್ಟದ್ದು ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ, ಬಲು ಚೆಂದ ಸೈಕಲ್ ಹೊಡೆಯುತ್ತಿದ್ದ ಒಬ್ಬಳ ನೆನಪಿಗೆ.

ಇನ್ನು ಸ್ನಾನದ ವಿಷಯ. ನಮ್ಮ ಬಾಣಂತನ ಎಂದರೆ ನಲ್ವತ್ತು ದಿನ ಮೈತುಂಬ ಎಣ್ಣೆ, ಹಂಡೆಗಟ್ಟಲೆ ಬಿಸಿನೀರು. ಮಿಸೆಸ್ ಕ್ವಿನ್ನರ ಮನೆಯಲ್ಲಿ ಸ್ನಾನ ಶನಿವಾರಕ್ಕೊಮ್ಮೆ. ನಾನು ಹೆದರಿ ಹೆದರಿ ನಮ್ಮ ಪದ್ಧತಿ ಹೇಳಿದೆ. "ಎವ್ರಿ ಡೇ, ಪೆಟ್?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರು ಹೊತ್ತುಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದರು. ಅದರ ಮರುದಿನವೂ. ಬೆನ್ನಿಗೆ ನೀರು ಹೊಯ್ಯುವುದು ಹೇಗೆಂದು ನಾನು ಹೇಳಿಕೊಟ್ಟೆ. ಮೊದಮೊದಲು ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಹಾಗೆ ಚಿಮುಕಿಸುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅಮ್ಮನ ಹಾಗೆಯೇ ಧಬಧಬ ಹೊಯ್ಯತೊಡಗಿದರು.

ಮತ್ತೆ ಆ ಸದ್ದು. ಹಗಲೆಲ್ಲ ನಾನೂ ಮಗುವೂ ಉರಿಯ ಎದುರು. ಇವರ ಸಂಬಳ ಚಿಕ್ಕದು, ನಾಣ್ಯಗಳನ್ನು ಸಂಜೆಗೆಂದು ಉಳಿಸುತ್ತಿದ್ದೆ. ಉರಿ ಕುಗ್ಗುತ್ತ ಬಂದಾಗ ಮಗುವನ್ನು ಸೆರಗಿನೊಳಗೆ ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತಿದ್ದೆ. ಆಗ ಮೆಟ್ಟಿಲ ಕೆಳಗಿನಿಂದ ಠಣ್! ಉರಿ ಎದ್ದು ನಿಲ್ಲುತ್ತಿತ್ತು. ಚಪ್ಪಲಿಯ ಸದ್ದು ಅಡುಗೆಮನೆಗೆ ಹಿಂತಿರುಗುತ್ತಿತ್ತು. ಈ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಮಗುವಿನ ಮುಷ್ಟಿಯ ಮೀನನ್ನು ಮಾತ್ರ ನಾನು ಮೀಟರಿಗೆ ಹಾಕದೆ ಎತ್ತಿಟ್ಟೆ.

ಶೀಲಾಗೆ ಎರಡು ದಾಟಿದಾಗ ನಾವು ಊರಿಗೆ ಮರಳಿದೆವು. ಹೆಜಮಾಡಿಯ ಅಂಗಳದಲ್ಲಿ ಚಪ್ಪರ! ಯಾರ ಮದುವೆ ಎಂದು ಕೇಳಿದರೆ ಅಮ್ಮ ಗಂಭೀರವಾಗಿ, "ತೊಟ್ಟಿಲು ಹಾಕುವುದಲ್ವಾ," ಎಂದರು. ನನ್ನನ್ನು ಬಾಣಂತಿ ಕೋಣೆಗೆ ಹಾಕಿ, ನಲ್ವತ್ತು ದಿನ ಎಣ್ಣೆ ನೀರು ಮಾಡಿ, ಕಷಾಯ ಕುಡಿಸಿ, ಆಮೇಲೆ ಊರವರನ್ನೆಲ್ಲ ಕರೆದು ತೊಟ್ಟಿಲು ಕಟ್ಟಿದರು. ನೀವು ಕಲ್ಪಿಸಿಕೊಳ್ಳಿ. ಬೂಟು ಹಾಕಿದ, ಕಾಲು ತೊಟ್ಟಿಲಿನ ಹೊರಗೆ ನೇತಾಡುವ ಮಗು! ಹೆಂಗಸರು ಸೋಬಾನೆ ಹೇಳುತ್ತಿದ್ದರೆ ಅದು ಎದ್ದು ನಿಂತು ಇಳಿದು ಓಡಿಹೋಗುತ್ತಿತ್ತು. ಹಿಡಿದು ತಂದು ಮಲಗಿಸಿ ಅಮ್ಮ ಅದರ ಕಿವಿಯಲ್ಲಿ "ಶೀಲಾ, ಶೀಲಾ" ಎಂದು ಹೆಸರು ಉಸುರಿದರು. ಕಿವಿಗೆ ಕಚಗುಳಿಯಾಗಿರಬೇಕು. ಮಗು ಥೇಟು ಮಿಸೆಸ್ ಕ್ವಿನ್ನರ ರಾಗದಲ್ಲಿ, "ಸ್ಟಾಪ್ ದ್ಯಾಟ್ ನೌ!" ಎಂದು ಗದರಿಸಿತು. ಇಡೀ ಚಪ್ಪರ ಬಿದ್ದು ಬಿದ್ದು ನಕ್ಕಿತು. ಅಮ್ಮ ನಗಲಿಲ್ಲ. "ಆಯ್ತು. ಈಗ ಹುಟ್ಟಿದಳು," ಎಂದರು.

ಆಮೇಲೆ ಡಾಕ್ಟರಿಗೆ ಊರೂರು ವರ್ಗ. ಶೀಲಾ ಅಜ್ಜಿಯ ಜೊತೆ ಹೆಜಮಾಡಿಯಲ್ಲೇ ಉಳಿದಳು. ಶಾಲೆಗೆ ಸೇರಿಸಿದ್ದು ಅಜ್ಜಿ, ಜಡೆ ಹಾಕಿದ್ದು ಅಜ್ಜಿ, ಜ್ವರಕ್ಕೆ ಪಟ್ಟಿ ಹಾಕಿದ್ದು ಅಜ್ಜಿ. ಹೆಡ್‌ಮಾಸ್ತರು ಹುಟ್ಟೂರು ಕೇಳಿದಾಗ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಊರವರಿಗೆಲ್ಲ ಊಟ ಹಾಕಿ ತೊಟ್ಟಿಲು ಕಟ್ಟಿದ್ದೇನೆ ಮಾಸ್ಟ್ರೇ, ನೀವೂ ಬಂದು ಉಂಡಿದ್ದೀರಿ. ಬರೀರಿ, ಹೆಜಮಾಡಿ," ಎಂದರಂತೆ. ಉಂಡಿದ್ದ ಮಾಸ್ತರು ಇನ್ನೇನು ಮಾಡಿಯಾರು, ಬರೆದರು. ಶಾಲೆಯದ್ದು ಪಾಸ್‌ಪೋರ್ಟಿಗೂ ಬಂತು.

ಹೀಗೆ ನನ್ನ ಮಗಳು ಎರಡು ಊರುಗಳ ನಡುವೆ ನಿಂತಳು. ಸ್ಲೈಗೋದಿಂದ ತರಿಸಿದ ಜನನಪತ್ರ ಒಂದು ಹೇಳುತ್ತದೆ, ಪಾಸ್‌ಪೋರ್ಟ್ ಇನ್ನೊಂದು. ವ್ಯತ್ಯಾಸಕ್ಕೆ ವಿವರಣೆ ಬೇಕು. ಹೆರಿಗೆಯ ಹೊತ್ತಿನಲ್ಲಿ ಅಲ್ಲಿದ್ದವರು ಯಾರಾದರೂ ಪ್ರಮಾಣ ಮಾಡಬಹುದು. ಡಾಕ್ಟರು ಇಲ್ಲ. ಮಿಸೆಸ್ ಕ್ವಿನ್ನರ ಕ್ರಿಸ್‌ಮಸ್ ಕಾರ್ಡುಗಳು ಬರುವುದು ನಿಂತೇ ಎಷ್ಟೋ ವರ್ಷಗಳಾದವು. "ಹೆರಿಗೆ ಆಗುವಾಗ ನಾನೂ ಹಾಜರಿದ್ದೆ" ಎಂದು ಪ್ರಮಾಣ ಮಾಡಲು ಉಳಿದವಳು ಹೆತ್ತವಳು ಒಬ್ಬಳೇ. ನನ್ನ ಪ್ರಮಾಣ ಸುಲಭ. ಶೀಲಾಳ ಸಹಿಯೇ ಕಷ್ಟ. ವಾರಗಟ್ಟಲೆ ಆ ಕಾಗದ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಕೆಳಗೆ ಕೂತಿತ್ತು. ಮಾತು ತೆಗೆದರೆ ಅವಳು ಅಡುಗೆಮನೆಗೆ ಹೋಗುತ್ತಿದ್ದಳು. ತನ್ವಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ನನ್ನನ್ನು ಹೊಸದು ಮಾಡಿಸುವ ದಿನ ಬಂತು. ನಾನು ವಿಸಿಟ್ ವೀಸಾದ ಅಜ್ಜಿ. ಮೂರು ತಿಂಗಳಿಗೊಮ್ಮೆ ದೇಶ ಬಿಟ್ಟು ಮತ್ತೆ ಒಳಗೆ ಬರಬೇಕು. ಇಲ್ಲಿಯ ನಮ್ಮವರೆಲ್ಲ ತಂದೆತಾಯಿಯರನ್ನು ಕಾರಿನಲ್ಲಿ ಕೂರಿಸಿ, ಸಮುದ್ರದ ಮೇಲಿನ ಉದ್ದ ಸೇತುವೆ ದಾಟಿಸಿ, ಬಹರೈನಿನಲ್ಲಿ ಒಂದು ಚಹಾ ಕುಡಿಸಿ, ಮುದ್ರೆ ಒತ್ತಿಸಿ ವಾಪಸು ತರುತ್ತಾರೆ. ನನಗಿದು ಬಹಳ ಇಷ್ಟ. ಎರಡೂ ಬದಿಗೆ ತಿಳಿಹಸಿರು ನೀರು, ಮಂಜಿನಂಥ ಬಿಸಿಲು. ಕಾರು ಓಡುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಎರಡು ದೇಶಗಳ ನಡುವೆ ಅಷ್ಟು ಹೊತ್ತು ನಾನು ಯಾರೂ ಅಲ್ಲ. ವಯಸ್ಸಾದ ಮೇಲೆ ಅದೂ ಒಂದು ಸುಖ.

ಆ ಸಲ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕಾಚಾರವೂ ಇತ್ತು. ಸೇತುವೆಯ ಮೇಲೆ ಕಾರಿನೊಳಗೆ ಶೀಲಾಗೆ ಎದ್ದು ಹೋಗಲು ಅಡುಗೆಮನೆ ಇಲ್ಲ.

ಪ್ರಕಾಶ ಓಡಿಸುತ್ತಿದ್ದ, ತನ್ವಿ ಮುಂದೆ. ಹಿಂದೆ ನಾನು, ಶೀಲಾ. ನೀರು ಶುರುವಾದ ಮೇಲೆ ನಾನು ಬ್ಯಾಗಿನಿಂದ ಒಂದು ಕಟ್ಟು ತೆಗೆದು ಅವಳ ಮಡಿಲಲ್ಲಿಟ್ಟೆ. ಹಸಿರು ನೂಲಿನ ಸೀರೆ, ಕೆಂಪು ಅಂಚು. ಒಮ್ಮೆಯೂ ಮಡಿಕೆ ಬಿಚ್ಚದ್ದು.

"ಎಂತ ಇದು?"

"ಮೂಸಿ ನೋಡು."

ಅವಳು ಮುಖಕ್ಕೆ ಹಿಡಿದಳು. ತುಂಬ ಹೊತ್ತು ಹಿಡಿದಳು. "ಕೇದಗೆ," ಎಂದಳು. "ಅಜ್ಜಿಯ ಪೆಟ್ಟಿಗೆ."

"ನಿನ್ನ ತೊಟ್ಟಿಲಿನ ದಿನ, ಊರವರೆಲ್ಲ ಹೋದ ಮೇಲೆ, ಅಮ್ಮ ಒಂದು ಗೆರಸೆ ತಂದು ನನ್ನ ಎದುರು ಇಟ್ಟರು. ಅಕ್ಕಿ, ತೆಂಗಿನಕಾಯಿ, ವೀಳ್ಯ, ಮೇಲೆ ಈ ಸೀರೆ."

"ಬಾಣಂತಿಗೆ ನೀರು ಹಾಕಿದವರಿಗೆ ಕೊಡೋದು," ಎಂದಳು ಶೀಲಾ. ನಮ್ಮ ಪದ್ಧತಿ ಅವಳಿಗೆ ಗೊತ್ತಿಲ್ಲದ್ದೇ?

"ಹೌದು. ನಾನು ಕೇಳಿದೆ, ನೀರು ಹಾಕಿದ್ದು ನೀವೇ ಅಲ್ವಾ ಅಮ್ಮ, ನಿಮಗೇ ನೀವು ಕೊಡೋದಾ ಅಂತ. ಅದಕ್ಕೆ, 'ಇದು ನಿನ್ನ ಕ್ವಿನ್ನಕ್ಕನಿಗೆ. ಅಲ್ಲಿ ನಿನಗೂ ಮಗುವಿಗೂ ಮೊದಲು ನೀರು ಹಾಕಿದ್ದು ಅವಳಲ್ವಾ. ಅವಳ ಪಾಲು ಇಟ್ಟುಕೊಂಡು ನಾನೆಲ್ಲಿಗೆ ಹೋಗ್ಲಿ?' ಅಂದ್ರು."

ಪ್ರಕಾಶ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ಮತ್ತೆ ರಸ್ತೆಯನ್ನು ನೋಡಿದ.

"ಮತ್ತೆ ಯಾಕೆ ಕಳಿಸ್ಲಿಲ್ಲ?"

"ಅಂಚೆಯಲ್ಲಿ ಕಳಿಸಿದ್ರೆ ಮರ್ಯಾದೆ ಅಲ್ಲ ಅಂತ ಹೇಳಿದ್ರು. ನೀರು ಹಾಕಿಸಿಕೊಂಡವರು ಕೈಯಾರೆ ಕೊಡಬೇಕು. ಅಕ್ಕಿ ತೆಂಗಿನಕಾಯಿ ಪಾಯಸಕ್ಕೆ ಹೋಯ್ತು. ಸೀರೆ ಇಲ್ಲಿವರೆಗೆ ಬಂತು."

"ಅಂದ್ರೆ ಅಜ್ಜಿಗೆ..." ಶೀಲಾ ಅಂಚನ್ನು ಬೆರಳಿನಿಂದ ತೀಡುತ್ತಿದ್ದಳು. "ನಾನು ಇಷ್ಟು ದಿನ ಎಂತ ಯೋಚನೆ ಮಾಡಿದ್ದು ಗೊತ್ತುಂಟಾ ಅಮ್ಮ? ನಾನು ಸೈನ್ ಮಾಡಿದ್ರೆ, ಅಜ್ಜಿ ಆ ಮಾಸ್ಟ್ರ ಎದುರು ಹೇಳಿದ್ದು ಸುಳ್ಳು ಅಂತ ನಾನೇ ಬರೆದುಕೊಟ್ಟ ಹಾಗೆ. ಸತ್ತವರು ಬಂದು ಉತ್ತರ ಹೇಳ್ಲಿಕ್ಕೆ ಆಗ್ತದಾ?"

"ಉತ್ತರ ನಿನ್ನ ಮಡಿಲಲ್ಲಿ ಉಂಟಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ನೀರಿನ ಮೇಲೆ ಒಂದು ಸಣ್ಣ ದೋಣಿ, ಅದರ ಮೇಲೆ ಒಂದು ಹಕ್ಕಿ. ಮೂಗು ಒರೆಸಿಕೊಂಡು, "ಹಾಗಾದ್ರೆ ನಾನು ಎರಡು ಸಲ ಹುಟ್ಟಿದವಳು," ಎಂದಳು.

"ಅದಕ್ಕೇ ಸ್ವರ ಡಬಲ್," ಎಂದ ಪ್ರಕಾಶ.

"ನೀವು ರೋಡ್ ನೋಡಿ ಓಡಿಸಿ ಮಾರಾಯ್ರೆ!"

ತನ್ವಿ ಹಿಂತಿರುಗಿ ನೋಡಲಿಲ್ಲ. ಅವಳ ಭುಜ ಮಾತ್ರ ಕಂಡಿತು. ಇಷ್ಟು ವಾರಗಳಿಂದ ಕಿವಿಯವರೆಗೆ ಏರಿದ್ದ ಭುಜ ಮೆಲ್ಲಗೆ ಇಳಿಯಿತು.

ಮರಳಿ ಬರುವಾಗ ಗಡಿಯ ಕಟ್ಟೆಯಲ್ಲಿ ನನ್ನ ಹೆಬ್ಬೆರಳು ಎಂದಿನಂತೆ ಯಂತ್ರಕ್ಕೆ ಸೇರಲಿಲ್ಲ. ಮೀನು ಕೊಯ್ದು, ಪಾತ್ರೆ ತಿಕ್ಕಿ ಗೆರೆಗಳೆಲ್ಲ ಸವೆದುಹೋಗಿವೆ. ಅಧಿಕಾರಿ, ಗಡ್ಡ ಸರಿಯಾಗಿ ಬಾರದ ಹುಡುಗ, ವಯಸ್ಸಾದ ಎಲ್ಲ ಹೆಂಗಸರನ್ನೂ ಕರೆಯುವಂತೆ ನನ್ನನ್ನು "ಯಾ ಹಜ್ಜಾ" ಎಂದು ಕರೆದು, ಇನ್ನೊಮ್ಮೆ ಒತ್ತಲು ಹೇಳಿ, ಕೊನೆಗೆ ಸೋತು ನಕ್ಕು, "ಯಲ್ಲಾ," ಎಂದು ಕೈಬೀಸಿ ಒಳಗೆ ಬಿಟ್ಟ. ನಾನು ಯಾರೆಂದು ನನ್ನ ಬೆರಳಿಗೇ ಮರೆತಿರುವಾಗ ಒಂದು ದೇಶ ನನ್ನ ಮೊಮ್ಮಗಳನ್ನು ಹುಟ್ಟುವ ಮೊದಲೇ ಗುರುತು ಇಟ್ಟುಕೊಂಡಿತ್ತಲ್ಲ ಎಂದುಕೊಂಡೆ.

ಆ ಸಂಜೆ ಉಪ್ಪಿನಕಾಯಿ ಭರಣಿ ಬದಿಗೆ ಸರಿಯಿತು. ಶೀಲಾ ಸಹಿ ಹಾಕಿದಳು. "ನಂಗೆ ಬೇಡ ಆ ಪಾಸ್‌ಪೋರ್ಟ್, ನಾನು ಹೆಜಮಾಡಿಯವಳೇ," ಎಂದು ಹೇಳಿಯೇ ಹಾಕಿದಳು. ಪ್ರಕಾಶ, ಇಂಡಿಯಾದ ಪಾಸ್‌ಪೋರ್ಟನ್ನು ಮಗಳು ಒಪ್ಪಿಸಬೇಕಾಗುತ್ತದಲ್ಲ ಎಂದು ಒಮ್ಮೆ ನಿಟ್ಟುಸಿರು ಬಿಟ್ಟ. ತನ್ವಿ ಆ ನೀಲಿ ಪುಸ್ತಕವನ್ನು ಡ್ರಾಯರಿನಿಂದ ತೆಗೆದು, ಅಂಗೈಯಲ್ಲಿ ಸವರಿ, ಮತ್ತೆ ಒಳಗಿಟ್ಟಳು. ಕೊಡುವುದಿದ್ದರೆ ಹಾಗೆ ಸವರಿಯೇ ಕೊಡಬೇಕು. ನಾನು ನನ್ನ ಪಾಲಿನ ಪ್ರಮಾಣವನ್ನು ಕಾನ್ವೆಂಟಿನ ದುಂಡಗಿನ ಅಕ್ಷರದಲ್ಲಿ ಬರೆದೆ. "ಐ ವಾಸ್ ಪ್ರೆಸೆಂಟ್." ಬರೆದು ನನಗೇ ನಗು ಬಂತು.

ಕಾಗದಗಳೆಲ್ಲ ಹೋಗಿ ಈಗ ಉತ್ತರಕ್ಕೆ ಕಾಯುತ್ತಿದ್ದೇವೆ. ಹಸಿರು ಸೀರೆ ತನ್ವಿಯ ಸೂಟ್‌ಕೇಸಿನ ತಳಕ್ಕೆ ಹೋಗಿದೆ. ಅದನ್ನು ಇಟ್ಟವಳು ಶೀಲಾ. ಕೈಯಾರೆ ಕೊಟ್ಟರೂ ಪಡೆಯಲು ಮಿಸೆಸ್ ಕ್ವಿನ್ನರ ಕೈಯೇ ಉಳಿದಿರಲಾರದು. ಆ ಮನೆಯಾದರೂ ಇದ್ದೀತೋ ಏನೋ.

ನಿನ್ನೆ ಮಧ್ಯಾಹ್ನ ತನ್ವಿ ನನ್ನ ಮಂಚದ ತುದಿಯಲ್ಲಿ ಕೂತು ಮೀನಿನ ನಾಣ್ಯವನ್ನು ಬೆರಳುಗಳ ನಡುವೆ ಆಡಿಸುತ್ತಿದ್ದಳು. ಉತ್ಸಾಹವೆಲ್ಲ ಇಳಿದು ಮುಖ ಚಿಕ್ಕದಾಗಿತ್ತು.

"ಅಜ್ಜಿ, ಪಾಸ್‌ಪೋರ್ಟ್ ಸಿಕ್ಕಿದ್ರೂ... ಅಲ್ಲಿ ನಮ್ಮನ್ನು ಗೊತ್ತಿರುವವರು ಯಾರಿದ್ದಾರೆ? ನಾವು ಬಿಟ್ಟು ಬಂದ ಮೇಲೆ ಆ ಊರಿಗೆ ನಮ್ಮ ನೆನಪಿರ್ತದಾ?"

ನಾನು ಉತ್ತರ ಹೇಳಲು ಬಾಯಿ ತೆರೆದೆ. ಏಸಿ ನಿಂತಿತು, ಯೋಚಿಸಿತು, ಠಣ್ ಎಂದಿತು. ಅವಳನ್ನು ಹತ್ತಿರ ಎಳೆದುಕೊಂಡು, ನಾವು ಸ್ಲೈಗೋ ಬಿಟ್ಟ ದಿನವನ್ನು ಹೇಳಿದೆ.

ಮಿಸೆಸ್ ಕ್ವಿನ್ ಸ್ಟೇಷನ್ನಿಗೆ ಬರಲು ಒಪ್ಪಿರಲಿಲ್ಲ. ಬಾಗಿಲಲ್ಲೇ ನಮಗೆ ವಿದಾಯ ಹೇಳಿ, ಕೈಕುಲುಕಿ, ಒಳಗೆ ಹೋಗಿಬಿಟ್ಟರು. ಟ್ಯಾಕ್ಸಿಯಲ್ಲಿ ಕೂತ ಮೇಲೆ ಶೀಲಾಳ ಉಲ್ಲನ್ ಟೋಪಿ ಬಿಟ್ಟುಬಂದದ್ದು ನೆನಪಾಯಿತು. ಡಾಕ್ಟರು ಗಡಿಯಾರ ನೋಡಿಕೊಂಡರು. ನಾನು ಓಡಿದೆ. ಬಾಗಿಲು ಚಿಲಕ ಹಾಕಿರಲಿಲ್ಲ. ಒಳಗೆ ಕಾಲಿಡುವಾಗಲೇ ಮೆಟ್ಟಿಲ ಕೆಳಗಿನಿಂದ ಠಣ್! ನಾವಿಲ್ಲದ ನಮ್ಮ ಕೋಣೆಗೆ ಅವರು ನಾಣ್ಯ ಹಾಕಿದ್ದರು.

ನಾನು ಹಜಾರದಲ್ಲೇ ನಿಂತೆ. ಅರೆ ತೆರೆದ ಬಾಗಿಲಿನಿಂದ ಕಂಡಿತು. ಹೊದಿಕೆ ತೆಗೆದ ಮಂಚ, ಬರಿದಾದ ಗೂಡು. ಅವರು ಮೊಣಕಾಲೂರಿ ಕಡ್ಡಿ ಗೀರಿದರು, ಉರಿ ಎದ್ದು ನಿಂತಿತು. ನಾನು ಮಗುವಿಗೆ ಹಾಲೂಡಿಸುತ್ತಿದ್ದ ಕುರ್ಚಿಯನ್ನು ಎಳೆದು ಉರಿಯ ಎದುರಿಗಿಟ್ಟರು. ಅದರಲ್ಲಿ ಕೂರಲಿಲ್ಲ. ಮಂಚದ ತುದಿಯಲ್ಲಿ ಕೂತು, ಶೀಲಾಳ ಟೋಪಿಯನ್ನು ತಮ್ಮ ಮುಷ್ಟಿಗೆ ತೊಡಿಸಿ, ಆ ಮುಷ್ಟಿಯನ್ನು ಉರಿಗೆ ಹಿಡಿದು ಬೆಚ್ಚಗೆ ಮಾಡುತ್ತಿದ್ದರು.

ನಾನು ಟೋಪಿ ತೆಗೆದುಕೊಳ್ಳದೆ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದೆ.